ಹಳೇ ಜೋಡುನಳಿಗೆ ಕೋವಿ, ಹೊಸ ತೋಟೆ: ಒಳಗೆ ಕೂತರೆ ಸಾಲದು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ತಾತನ ಕಾಲದ ಇಂಗ್ಲೆಂಡಿನ 12 ಬೋರ್ (ನಳಿಗೆಯ ಅಳತೆ) ಜೋಡುನಳಿಗೆ ಕೋವಿಗಳು ಇನ್ನೂ ಪರವಾನಗಿ ಸಮೇತ ಉಳಿದಿವೆ. ಅಂಗಡಿಯಲ್ಲಿ ಈಗ ಸಿಗುವ ತೋಟೆ (ಕಾರ್ಟ್ರಿಜ್) ಸಾಮಾನ್ಯವಾಗಿ 70 ಮಿ.ಮೀ.ನದು, ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ಕೂಡ ಅಷ್ಟೇ. ಆದರೆ ಹಳೇ ಕೋವಿಯ ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ, ಅನೇಕ ಸಲ ಎರಡೂವರೆ ಇಂಚಿನದು, ವ್ಯಾಪಾರದ ಲೆಕ್ಕದಲ್ಲಿ 65 ಮಿ.ಮೀ. ಹಾಗಿದ್ದೂ ತೋಟೆ ಸಲೀಸಾಗಿ ಒಳಗೆ ಕೂರುತ್ತದೆ, ಕೋವಿ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಮೋಸ ಹೋಗುವುದೇ ಇಲ್ಲಿ.

70 ಮಿ.ಮೀ. ಎನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಖಾಲಿ ತೋಟೆಯ ಉದ್ದ. ಹೊಸ ತೋಟೆಯ ಬಾಯಿ ಒಳಕ್ಕೆ ಮಡಚಿರುತ್ತದೆ. ನಕ್ಷತ್ರದಂತೆ ಮಡಚಿದ್ದಾದರೆ ಒಟ್ಟು ಉದ್ದ 58 ಮಿ.ಮೀ. ಆಸುಪಾಸು. ಈಡು ಹಾರಿದ ಕ್ಷಣ ಆ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ. ಚೇಂಬರ್ ಗಿಡ್ಡವಾಗಿದ್ದರೆ, ಚೇಂಬರ್ ಮುಗಿದು ನಳಿಗೆ ಶುರುವಾಗುವ ಇಳಿಜಾರಿನೊಳಕ್ಕೆ ಅಂಚು ನುಗ್ಗಿ ದಾರಿ ಇಕ್ಕಟ್ಟಾಗುತ್ತದೆ. ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಹಿಂಡಿಕೊಂಡು ಹೊರಡಬೇಕಾಗುತ್ತದೆ, ಒತ್ತಡ ಏರುತ್ತದೆ, ಭುಜಕ್ಕೆ ಒದೆ ಜೋರಾಗುತ್ತದೆ. ‘ಇಷ್ಟು ವರ್ಷ ಹೊಡೆದಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತನ್ನು ನಂಬಬೇಡಿ. ಕೀಲು ಸಡಿಲವಾಗುವುದು, ಮರದ ಹಿಡಿ ಕುತ್ತಿಗೆಯಲ್ಲಿ ಸೀಳು ಬಿಡುವುದು ನಿಧಾನಕ್ಕೆ ನಡೆಯುವ ಕೆಲಸ.

ಮೊದಲು ನೋಡಬೇಕಾದ್ದು ಮುದ್ರೆ, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತು. ಕೋವಿ ಬಗ್ಗಿಸಿ ಎರಡೂ ನಳಿಗೆ ಖಾಲಿ ಎಂದು ಕಣ್ಣಾರೆ ಖಚಿತಪಡಿಸಿಕೊಂಡು, ಮುಂದಿನ ಮರ ಬಿಚ್ಚಿ, ನಳಿಗೆ ಕಳಚಿ, ಕೆಳಮೈಯ ಚಪ್ಪಟೆ ಭಾಗ ನೋಡಿ. 1925ರ ನಂತರದ ಬ್ರಿಟಿಷ್ ಪರೀಕ್ಷೆಯಾದರೆ ಚೇಂಬರ್ ಉದ್ದವನ್ನು ಇಂಚಿನಲ್ಲಿ ಒತ್ತಿರುತ್ತಾರೆ. 1954ರ ನಂತರದ್ದಾದರೆ ಒತ್ತಡವೂ ಇರುತ್ತದೆ. (ಚದರ ಇಂಚಿಗೆ) 3 ಟನ್ ಎಂದಿದ್ದರೆ ಅದು 2½ ಇಂಚಿನ ತೋಟೆಯ ಮಟ್ಟ, 3¼ ಟನ್ ಎಂದಿದ್ದರೆ 2¾ ಇಂಚಿನದು. ಅದಕ್ಕೂ ಹಳೆಯದರಲ್ಲಿ ವಜ್ರಾಕಾರದೊಳಗೆ 12, ಅದರ ಕೆಳಗೆ ‘ಸಿ’ ಅಕ್ಷರ ಕಾಣುತ್ತದೆ. 3 ಇಂಚಿಗಿಂತ ಗಿಡ್ಡ ಎಂಬುದನ್ನು ಬಿಟ್ಟರೆ ಅದು ಏನನ್ನೂ ಹೇಳುವುದಿಲ್ಲ. ‘ನೈಟ್ರೋ’ (ಹೊಗೆಯಿಲ್ಲದ ಇಂದಿನ ಮದ್ದಿಗೆ ಪರೀಕ್ಷೆಯಾಗಿದೆ ಎಂಬ) ಮುದ್ರೆ ಇಲ್ಲದ್ದಕ್ಕೆ, ನಳಿಗೆಯ ಮೇಲೆ ಹಾವಿನ ಪೊರೆಯಂಥ ಚಿತ್ತಾರವಿರುವ ಡಮಾಸ್ಕಸ್ ಕೋವಿಗೆ ಇಂದಿನ ತೋಟೆ ಹಾಕಲೇಬೇಡಿ. ಗೋಡೆಗೆ ಅಂದವಾಗಿರುತ್ತದೆ.

ಮುದ್ರೆ ಸವೆದಿದ್ದರೆ ಅಳೆಯಬೇಕು. 15 ಸೆಂ.ಮೀ. ಸ್ಟೀಲ್ ಸ್ಕೇಲನ್ನು ತೂರಿಸಿ, ತಡೆದಲ್ಲಿ ಓದಿಕೊಳ್ಳುವ ರೂಢಿಯಿದೆ. ಅದು ತಪ್ಪು ಲೆಕ್ಕ ಕೊಡುತ್ತದೆ. ಚೇಂಬರಿನ ಮುಂತುದಿಯ ವ್ಯಾಸ ಸುಮಾರು 20.3 ಮಿ.ಮೀ., ನಳಿಗೆಯದು 18.5. ಸ್ಕೇಲಿನ ಅಗಲ 19 ಮಿ.ಮೀ. ಇದ್ದರೆ ಅದು ಚೇಂಬರ್ ದಾಟಿ ಇಳಿಜಾರಿನೊಳಗೂ ಹೋಗಿ ನಿಲ್ಲುತ್ತದೆ. ಇಳಿಜಾರು ಅರ್ಧ ಇಂಚಿನದಾದರೆ 9 ಮಿ.ಮೀ.ನಷ್ಟು ಹೆಚ್ಚು ತೋರಿಸುತ್ತದೆ, ಅಂದರೆ 65ರ ಚೇಂಬರ್ 74 ಎಂದು ಕಾಣುತ್ತದೆ! ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಲೇತ್ ಕೆಲಸದವರ ಹತ್ತಿರ 20.3 ಮಿ.ಮೀ. ವ್ಯಾಸದ ನೈಲಾನ್ ಬಿಲ್ಲೆ ಮಾಡಿಸಿ, ಅದಕ್ಕೊಂದು ಸಣ್ಣ ಕಡ್ಡಿ ಸಿಕ್ಕಿಸಿ. ಹಿಂದಿನಿಂದ ಮೆಲ್ಲಗೆ ತಳ್ಳಿ, ನಿಂತಲ್ಲಿ ನಳಿಗೆಯ ಹಿಂತುದಿಗೆ ಸರಿಯಾಗಿ ಕಡ್ಡಿಗೆ ಗುರುತು ಹಾಕಿ, ಹೊರತೆಗೆದು ಬಿಲ್ಲೆಯ ಮುಂದಿನ ಅಂಚಿನಿಂದ ಅಳೆಯಿರಿ. ತೋಟೆಯ ಬುಡದ ಅಂಚು ಕೂರುವ ತಗ್ಗೂ ಈ ಉದ್ದದಲ್ಲೇ ಸೇರಿದೆ, ಬೇರೆ ಕಳೆಯಬೇಕಿಲ್ಲ. ಎರಡು ನಳಿಗೆಯನ್ನೂ ಬೇರೆಬೇರೆಯಾಗಿ ನೋಡಿ. ಲೇತ್‌ನವರಿಗೆ ಮಾಡಲು ಕೊಡುವುದು ಬಿಲ್ಲೆ ಮಾತ್ರ, ಕೋವಿಯಲ್ಲ. ‘ಚೇಂಬರ್ ಒಂಚೂರು ಕೊರೆದು ಕೊಡ್ತೀನಿ’ ಎಂದರೆ ಕೈಮುಗಿದು ಬನ್ನಿ; ಗೋಡೆ ತೆಳುವಾದ ನಳಿಗೆಯನ್ನು ಮತ್ತೆ ಪರೀಕ್ಷೆಗೆ ಒಳಪಡಿಸದೆ ಹೊಡೆಯಬಾರದು.

ಹೊಡೆದ ಖಾಲಿ ತೋಟೆಯೂ ಸಾಕ್ಷಿ ಹೇಳುತ್ತದೆ. ಬಾಯಂಚು ನಾರುನಾರಾಗಿ ಹರಿದಿದ್ದರೆ, ಸುಟ್ಟು ತೆಳುವಾಗಿದ್ದರೆ, ಎಳೆದರೂ ಬಾರದೆ ಅಂಟಿಕೊಂಡರೆ ಚೇಂಬರಿನ ಮೇಲೆ ಅನುಮಾನ ಪಡಿ. ಉದ್ದನೆಯ ತೋಟೆ ಕತ್ತರಿಸಿ ಮನೆಯಲ್ಲೇ ಮರುತುಂಬುವ ಯೋಚನೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. 65 ಮಿ.ಮೀ. ಎಂದು ಬರೆದಿರುವ ತೋಟೆಯನ್ನೇ ಡೀಲರ್ ಹತ್ತಿರ ಕೇಳಿ ತರಿಸಿ. ಸಿಗುವವರೆಗೆ ಕೋವಿ ಸುಮ್ಮನಿರಲಿ.

ಇನ್ನು ಮಲೆನಾಡಿನ ಮಳೆ. ಕಾಗದದ ಹಳೇ ತೋಟೆ ಜೂನ್ ತಿಂಗಳ ಶೀತಕ್ಕೆ ಊದಿಕೊಂಡು ಚೇಂಬರಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಕೂರದ್ದನ್ನು ಕೋವಿ ಮುಚ್ಚಿ ಒತ್ತಿಸಬೇಡಿ. ಹಿತ್ತಾಳೆ ಬುಡಕ್ಕೆ ಕಿಲುಬು ಹಿಡಿದಿದ್ದರೂ ಬೇಡ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿಡುವ ಅಭ್ಯಾಸ ಮೆಣಸಿಗೆ ಸರಿ, ತೋಟೆಗಲ್ಲ. ಬಿಸಿಗೆ ಮದ್ದು ಕೆಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಂಪಾದ ಬೀಗದ ಕಪಾಟು ಸಾಕು. ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಅದರ ತೋಟೆಯನ್ನು ಬೇರೆಯೇ ಇಡಿ. ಅದು 12ರ ಚೇಂಬರ್ ದಾಟಿ ಮುಂದೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಕೊಡುವುದೇ ಈ ಕಾರಣಕ್ಕೆ.

ಕುದುರೆ (ತೋಟೆಗೆ ಬಡಿದು ಹೊತ್ತಿಸುವ ಸುತ್ತಿಗೆ) ಬಿದ್ದೂ ತೋಟೆ ಸಿಡಿಯದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು 30 ಸೆಕೆಂಡಾದರೂ ಕಾಯಿರಿ. ಶೀತ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ‘ಢಂ’ ಬದಲು ‘ಪುಸ್’ ಎಂದರೆ ಇನ್ನೊಂದು ತೋಟೆ ಹಾಕುವ ಮುಂಚೆ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಮದ್ದಿಗೂ ಚರೆಗೂ ನಡುವಿನ ಬಿರಡೆ ಒಳಗೇ ಸಿಕ್ಕಿಕೊಂಡಿರಬಹುದು. ಚುನಾವಣೆಗೆಂದು ಠಾಣೆಯಲ್ಲಿಟ್ಟ ಕೋವಿ ವಾಪಸ್ ಬಂದಾಗಲೂ ಇದೇ ಕೆಲಸ ಮಾಡಿ. ಎರಡು ತಿಂಗಳಲ್ಲಿ ಕಣಜದ ಹುಳು ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿರುವುದುಂಟು.