ಮೊಲದ ಚರ್ಮದಡಿ ಇಟ್ಟ ಹಲ್ಲು, ನಮ್ಮ ರೂಟ್ ಕೆನಾಲ್ ಭಯ

ರೂಟ್ ಕೆನಾಲ್ ಮಾಡಿಸಿಕೊಂಡರೆ ಕ್ಯಾನ್ಸರ್ ಬರುತ್ತದಂತೆ. ಈ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರಬಹುದು. ನೂರಕ್ಕೆ 97 ಕ್ಯಾನ್ಸರ್ ರೋಗಿಗಳ ಬಾಯಲ್ಲಿ ಇಂಥ ಹಲ್ಲು ಇರುತ್ತದೆ ಅಂತ ಲೆಕ್ಕ ಬೇರೆ. ಆ ಲೆಕ್ಕದ ಹಿಂದೆ ನಂಬುವಂಥ ಅಧ್ಯಯನವಿಲ್ಲ. ಆದರೆ ಭಯ ಮಾತ್ರ ವಾಟ್ಸಾಪ್‌ಗಿಂತ ತುಂಬಾ ಹಳೆಯದು. ಅದನ್ನು ಹುಟ್ಟುಹಾಕಿದವರು ಡಾಕ್ಟರುಗಳೇ.

ಮೊದಲು ಒಂದು ಮಾತು. ರೂಟ್ ಕೆನಾಲ್ ಅಂದರೆ ಬೇರು ಕೀಳುವುದು ಅಂತ ಈಗಲೂ ಅನೇಕರು ತಿಳಿದಿದ್ದಾರೆ. ಬೇರು ಇದ್ದಲ್ಲೇ ಇರುತ್ತದೆ. ಬೇರಿನೊಳಗಿನ ಸಣ್ಣ ಕೊಳವೆಯಲ್ಲಿ ಕೆಟ್ಟುಹೋದ ತಿರುಳನ್ನು ತೆಗೆದು, ತೊಳೆದು, ಗಟಾಪರ್ಚಾ ಎಂಬ ಮರದ ಅಂಟಿನಿಂದ ಮುಚ್ಚುತ್ತಾರೆ. ಹಲ್ಲು ಉಳಿಸಿಕೊಳ್ಳಲೆಂದೇ ಇಷ್ಟೆಲ್ಲ.

ಇನ್ನು ಕಥೆಗೆ ಬರೋಣ. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿದ. ಕೊಳೆತ ಬೇರಿನ ಮೇಲೆ ಚಿನ್ನದ ಕ್ಯಾಪ್ ಕೂರಿಸಿ ಕೀವನ್ನು ಒಳಗೇ ಮುಚ್ಚಿಡುತ್ತಿದ್ದೀರಿ, ಅದರಿಂದಲೇ ಮೈಗೆಲ್ಲ ರೋಗ ಎಂದು ದಂತವೈದ್ಯರನ್ನು ಜಾಡಿಸಿದ. ಆ ಕಾಲದ ಕೆಲಸ ನೋಡಿದರೆ ಅವನ ಸಿಟ್ಟಿನಲ್ಲಿ ಅರ್ಥವಿತ್ತು ಅನ್ನಿಸುತ್ತದೆ. ಅವನು ಬೈದದ್ದು ಕೊಳಕು ಕೆಲಸವನ್ನು. ಕೇಳಿಸಿಕೊಂಡವರು ಹಲ್ಲನ್ನೇ ಶತ್ರು ಮಾಡಿಕೊಂಡರು.

ಕ್ಲೀವ್‌ಲ್ಯಾಂಡಿನ ದಂತವೈದ್ಯ ವೆಸ್ಟನ್ ಪ್ರೈಸ್ ಇದಕ್ಕೆ ಪ್ರಯೋಗದ ಮುದ್ರೆ ಒತ್ತಿದ. ರೋಗಿಗಳಿಂದ ಕಿತ್ತ ಹಲ್ಲುಗಳನ್ನು ಮೊಲಗಳ ಚರ್ಮದಡಿ ಇಟ್ಟು ಹೊಲಿದ. ಮೊಲಗಳಿಗೂ ರೋಗ ಬಂತು ಎಂದು 1923ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬರೆದ. ಆದರೆ ಬಾಯಿಂದ ಹೊರಬರುವ ಹಲ್ಲಿಗೆ ಎಂಜಲಿನ ಸೂಕ್ಷ್ಮಾಣುಗಳು ಅಂಟಿಯೇ ಇರುತ್ತವೆ, ಅಲ್ವಾ? ಅಷ್ಟು ಪುಟ್ಟ ಪ್ರಾಣಿಗೆ ಅಷ್ಟು ದೊಡ್ಡ ಸೋಂಕು ಇಟ್ಟರೆ ಅದು ಬದುಕುವುದೇ ಕಷ್ಟ. ಸರಿಯಾದ ಹೋಲಿಕೆಯ ಗುಂಪುಗಳೂ ಆ ಪ್ರಯೋಗಗಳಲ್ಲಿ ಇರಲಿಲ್ಲ.

ಆದರೂ ಕೀಳುವ ಹುಚ್ಚು ಶುರುವಾಯಿತು. ಕೀಲುನೋವೇ? ಹಲ್ಲು ಕೀಳಿ. ಸುಸ್ತೇ? ಹಲ್ಲು ಕೀಳಿ. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚಿಗೂ ಹಲ್ಲೇ ಕಾರಣ ಎಂದು ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದ. ತನ್ನ ಸ್ವಂತ ಮಕ್ಕಳ ಹಲ್ಲನ್ನೂ ಬಿಡಲಿಲ್ಲ.

ಎಕ್ಸ್‌ರೇ ಈ ಬೆಂಕಿಗೆ ತುಪ್ಪ ಸುರಿಯಿತು. ಬೇರಿನ ತುದಿಯಲ್ಲಿ ಒಂದು ಕಪ್ಪು ನೆರಳು ಕಂಡರೆ ಸಾಕು, ಹಲ್ಲಿನ ಕಥೆ ಮುಗಿಯಿತು. ಇದನ್ನು ಗಟ್ಟಿಯಾಗಿ ವಿರೋಧಿಸಿದವನು ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್. ರೂಟ್ ಕೆನಾಲ್‌ಗೆ ಎಕ್ಸ್‌ರೇ ಬಳಸಿದ ಮೊದಲಿಗರಲ್ಲಿ ಅವನೂ ಒಬ್ಬ. 1899ರಲ್ಲೇ ಬೇರಿನೊಳಗೆ ಸೀಸದ ತಂತಿ ಇಳಿಸಿ ಚಿತ್ರ ತೆಗೆದು ಅಳತೆ ನೋಡಿದ್ದ. ಎಕ್ಸ್‌ರೇ ನೆಪದಲ್ಲಿ ಒಳ್ಳೆಯ ಹಲ್ಲು ಕೀಳುವುದು ಈ ಯುಗದ ಅಪರಾಧ ಎಂದು 1920ರಲ್ಲಿ ಬರೆದ. ಅದೇ ಕಿರಣಗಳು ಅವನ ಬೆರಳುಗಳನ್ನೂ ಕೊನೆಗೆ ಕೈಯನ್ನೂ ತಿಂದವು. 1928ರಲ್ಲಿ ತೀರಿಕೊಂಡ.

1938ರಲ್ಲಿ ಸೆಸಿಲ್ ಮತ್ತು ಆಂಜವೈನ್ ಎಂಬ ಅಮೆರಿಕನ್ ವೈದ್ಯರು 200 ಸಂಧಿವಾತದ ರೋಗಿಗಳ ವಿವರ ನೋಡಿದರು. ಹಲ್ಲು, ಟಾನ್ಸಿಲ್ ತೆಗೆಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಸೆಸಿಲ್ ಹಿಂದೆ ಇದೇ ವಾದದ ಬೆಂಬಲಿಗ ಆಗಿದ್ದವನು ಎಂಬುದು ಗಮನಿಸಬೇಕಾದ ಮಾತು. ನಿಧಾನವಾಗಿ ವೈದ್ಯಲೋಕ ಈ ವಾದವನ್ನು ಕೈಬಿಟ್ಟಿತು. ಆದರೆ ಪ್ರೈಸ್‌ನ ಮೊಲಗಳು ಮಾತ್ರ ಆಗಾಗ ಎದ್ದು ಬರುತ್ತವೆ. ರೂಟ್ ಕೆನಾಲನ್ನು ದೂರುವ ಒಂದು ಸಾಕ್ಷ್ಯಚಿತ್ರ ನೆಟ್‌ಫ್ಲಿಕ್ಸ್‌ನಲ್ಲಿತ್ತು. ದಂತವೈದ್ಯರ ಸಂಘಗಳ ಆಕ್ಷೇಪದ ನಂತರ, 2019ರಲ್ಲಿ ಅದು ಅಲ್ಲಿಂದ ಮಾಯವಾಯಿತು.

ನಮ್ಮಲ್ಲಿ ಕ್ಯಾನ್ಸರ್‌ಗಿಂತ ಜಾಸ್ತಿ ಕೇಳಿಬರುವುದು ನೋವಿನ ಮಾತು. ಇದಕ್ಕೂ ಒಂದು ಕಾರಣವಿದೆ. ಹತ್ತೊಂಬತ್ತನೇ ಶತಮಾನದಲ್ಲಿ ತಿರುಳನ್ನು ಸಾಯಿಸಲು ಆರ್ಸೆನಿಕ್, ಅಂದರೆ ಪಾಷಾಣ, ಇಡುತ್ತಿದ್ದರು. ತಿರುಳನ್ನು ಎಳೆದು ತೆಗೆಯುವ ತಂತಿಯಂಥ ಉಪಕರಣವನ್ನು ಗಡಿಯಾರದ ಸ್ಪ್ರಿಂಗ್‌ನಿಂದ ಮಾಡಿಕೊಂಡವರೂ ಇದ್ದರು. ಆಗ ಜನ ಹೆದರಿದ್ದರಲ್ಲಿ ತಪ್ಪೇನಿದೆ? ನೋವು ಗೊತ್ತಾಗದಂತೆ ಮರಗಟ್ಟಿಸುವ ಸ್ವೀಡನ್ನಿನ ಲಿಗ್ನೊಕೇನ್ ಇಂಜೆಕ್ಷನ್ ಮಾರುಕಟ್ಟೆಗೆ ಬಂದಿದ್ದು 1940ರ ದಶಕದ ಕೊನೆಗೆ. ಈಗ ಬಹುಪಾಲು ಜನರಿಗೆ ರೂಟ್ ಕೆನಾಲ್ ಅಂದರೆ ಹುಳುಕು ತುಂಬಿಸಿಕೊಂಡಷ್ಟೇ. ಆದರೆ ಕೆಳದವಡೆ ಹಲ್ಲು ರಾತ್ರಿಯೆಲ್ಲ ಸಿಡಿದು ಊದಿಕೊಂಡಿದ್ದರೆ ಇಂಜೆಕ್ಷನ್ ಕೆಲವೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ. ಮತ್ತೊಂದು ಕೊಡಬೇಕಾಗುತ್ತದೆ. "ನನಗೆ ಜೀವ ಹೋಯ್ತು" ಅನ್ನುವವರೆಲ್ಲ ಸುಮ್ನೆ ಹೇಳುವುದಿಲ್ಲ.

ಹಲ್ಲು ಕಳೆಯುವ ತಪ್ಪು ತಿಳಿವಳಿಕೆ ಇನ್ನೊಂದಿದೆ. ಲವಂಗ ಇಟ್ಟುಕೊಂಡು, ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ಕೇಳಿ ನುಂಗಿ ಎರಡು ವಾರ ಕಳೆಯುತ್ತಾರೆ. ನೋವು ನಿಲ್ಲುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅಲ್ಲಿ ಆಗಿರುವುದು ಇಷ್ಟೇ: ತಿರುಳು ಸತ್ತಿದೆ, ನೋವು ಹೇಳುವ ನರವೂ ಅದರ ಜೊತೆ ಸತ್ತಿದೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಮಾತ್ರೆಯ ಔಷಧಿ ಅಲ್ಲಿಗೆ ತಲುಪುವುದೂ ಇಲ್ಲ. ಒಳಗಿನ ಸೂಕ್ಷ್ಮಾಣುಗಳು ಆರಾಮಾಗಿ ಬೇರಿನ ತುದಿ ದಾಟಿ ಮೂಳೆಗೆ ಇಳಿಯುತ್ತವೆ. ಮುಂದಿನ ಸಲ ಎಕ್ಸ್‌ರೇಯಲ್ಲಿ ಕಾಣುವ ಕಪ್ಪು ನೆರಳು ಅದೇ. ಆ ನೆರಳು ಕಂಡರೂ ಈಗ ಡಾಕ್ಟರು ಮೊದಲು ಹಲ್ಲು ಉಳಿಸುವ ದಾರಿಯನ್ನೇ ನೋಡುತ್ತಾರೆ.