‘ಮಾಡರ್ನ್ ಟೈಮ್ಸ್’ ಮೂಕಿ ಚಿತ್ರ ಅಲ್ಲ, ದಯವಿಟ್ಟು ಸ್ಪೀಕರ್ ಹಾಕಿ

ಪ್ರಶ್ನೆ: ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ ಚಿತ್ರವನ್ನು ನಮ್ಮ ಶಾಲೆಯ ಮಕ್ಕಳಿಗೆ ತೋರಿಸಬೇಕು ಅಂತಿದ್ದೇವೆ. ಮೂಕಿ ಚಿತ್ರ ಅಲ್ವಾ, ಕೂತು ನೋಡುತ್ತಾರಾ? ಜನ ಹೊಗಳುವಷ್ಟು ಚೆನ್ನಾಗಿದೆಯಾ? (ಸೋಮವಾರಪೇಟೆಯ ಮೇಷ್ಟ್ರೊಬ್ಬರು)

ಕೂತು ನೋಡುತ್ತಾರೆ ಮೇಷ್ಟ್ರೇ. 87 ನಿಮಿಷ, ಎರಡು ಪೀರಿಯಡ್ ಸಾಕು. ಚೆನ್ನಾಗಿದೆಯಾ ಅಂದರೆ, ಬಹುಪಾಲು ಚೆನ್ನಾಗಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ‘ಮೂಕಿ’ಯದ್ದೊಂದು ಇತ್ಯರ್ಥ ಆಗಲಿ.

ಜೂನ್ ಬಂತು, ಆಟದ ಮೈದಾನ ಕೆಸರಾಯಿತು, ಮಕ್ಕಳನ್ನು ಹಾಲ್‌ನಲ್ಲಿ ಕೂರಿಸಬೇಕಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ವಿರಾಜಪೇಟೆಯಿಂದಲೂ ಬಂದಿದೆ, ಕುಶಾಲನಗರದಿಂದಲೂ ಬಂದಿದೆ. ಮಡಿಕೇರಿ ಹತ್ತಿರದ ಒಂದು ಶಾಲೆಯಲ್ಲಂತೂ ಪ್ರೊಜೆಕ್ಟರ್ ತಂದ ಹುಡುಗ ಸ್ಪೀಕರನ್ನು ಜೀಪಿನಿಂದ ಇಳಿಸಿರಲೇ ಇಲ್ಲ. ಕೇಳಿದರೆ, ‘ಮೂಕಿ ಸಿನಿಮಾ ಅಲ್ವಾ ಸಾರ್, ಸ್ಪೀಕರ್ ಯಾಕೆ?’ ಮಳೆಯಲ್ಲಿ ನೆನೆದುಕೊಂಡು ಹೋಗಿ ತರಬೇಕಾಯಿತಲ್ಲ ಅಂತ ನನ್ನ ಮೇಲೆ ಅವನಿಗೆ ಸಿಟ್ಟು ಬೇರೆ.

ಈ ಚಿತ್ರ ತೆರೆಗೆ ಬಂದದ್ದು 1936ರಲ್ಲಿ. ಅಮೆರಿಕದಲ್ಲಿ ಸಿನಿಮಾ ಮಾತಾಡಲು ಶುರು ಮಾಡಿದ್ದು 1927ರಲ್ಲಿ. ಅಷ್ಟು ದೂರ ಯಾಕೆ, ನಮ್ಮ ಕನ್ನಡದ ‘ಸತಿ ಸುಲೋಚನ’ವೇ 1934ರಲ್ಲಿ ಮಾತಾಡಿ ಆಗಿತ್ತು. ಚಾಪ್ಲಿನ್‌ಗೆ ಧ್ವನಿ ಹಾಕಲು ಬರುತ್ತಿರಲಿಲ್ಲ ಅಂದುಕೊಂಡಿರಾ? ಈ ಚಿತ್ರಕ್ಕೂ ಸಂಭಾಷಣೆ ಬರೆದು, ಸ್ವಲ್ಪ ಪ್ರಯೋಗ ಮಾಡಿ ನೋಡಿ, ಬೇಡ ಅಂತ ಬಿಟ್ಟವನು ಅವನು. ಸಂಗೀತವನ್ನಂತೂ ತಾನೇ ಕಟ್ಟಿದ್ದಾನೆ.

ಹಾಗೆ ಬಿಟ್ಟ ಮೇಲೆ ಏನು ಮಾಡಿದ ನೋಡಿ. ಮನುಷ್ಯರು ಎದುರುಬದುರು ನಿಂತು ಆಡುವ ಮಾತೆಲ್ಲ ಅಕ್ಷರದ ಕಾರ್ಡಿನಲ್ಲಿ ಬರುತ್ತದೆ. ಕಿವಿಗೆ ಕೇಳುವ ಮಾತೆಲ್ಲ ಯಂತ್ರದೊಳಗಿಂದ. ಫ್ಯಾಕ್ಟರಿ ಯಜಮಾನ ಗೋಡೆಯಲ್ಲಿರುವ ಟಿವಿಯಂಥ ಪರದೆಯ ಮೇಲೆ ದೊಡ್ಡದಾಗಿ ಮೂಡಿ, ಕಕ್ಕಸಿನಲ್ಲಿ ಕದ್ದು ಸಿಗರೇಟು ಸೇದುತ್ತಿರುವ ನಮ್ಮ ನಾಯಕನನ್ನು (ಅಲ್ಲಿನ ಕೆಲಸದವನಾಗಿ ಚಾಪ್ಲಿನ್ನೇ) ಗದರಿಸುತ್ತಾನೆ. ಊಟ ಮಾಡಿಸುವ ಯಂತ್ರ ಮಾರಲು ಬಂದವನು ಬಾಯಿ ಬಿಡುವುದಿಲ್ಲ, ಗ್ರಾಮೊಫೋನ್ ಪ್ಲೇಟ್ ಹಾಕುತ್ತಾನೆ, ಆ ಪ್ಲೇಟೇ ಯಂತ್ರದ ಗುಣಗಾನ ಮಾಡುತ್ತದೆ. ಇಡೀ ತಮಾಷೆ ನಿಂತಿರುವುದೇ ಇದರ ಮೇಲೆ. ಮ್ಯೂಟ್ ಮಾಡಿ ನೋಡಿದರೆ ಉಪ್ಪಿಲ್ಲದ ಸಾರು.

ಜೈಲಿನ ಟೀ ದೃಶ್ಯ ಗಮನಿಸಿ. ಕೈದಿಗಳನ್ನು ನೋಡಲು ಬಂದ ಪಾದ್ರಿಯ ಹೆಂಡತಿ ಮತ್ತು ಚಾಪ್ಲಿನ್, ಇಬ್ಬರೇ ಟೀ ಕುಡಿಯುತ್ತಾ ಕೂತಿದ್ದಾರೆ. ಆಕೆಯದು ಬಿಗುಮಾನದ ಮುಖ, ಮಡಿಲಲ್ಲಿ ನಾಯಿ. ಆಕೆಯ ಹೊಟ್ಟೆ ಗುಳುಗುಳು ಅನ್ನುತ್ತದೆ. ಇಬ್ಬರೂ ಕೇಳದವರ ಹಾಗೆ ಎಲ್ಲೋ ನೋಡುತ್ತಾರೆ. ಆಮೇಲೆ ಇವನ ಹೊಟ್ಟೆ. ನಾಯಿ ಬೊಗಳುತ್ತದೆ. ಮುಜುಗರ ತಪ್ಪಿಸಲು ರೇಡಿಯೊ ಹಚ್ಚಿದರೆ ಬರುವುದು ಹೊಟ್ಟೆ ಉಬ್ಬರದ ಔಷಧಿಯ ಜಾಹೀರಾತು! ಆ ಗುಳುಗುಳು ಸದ್ದನ್ನು ಚಾಪ್ಲಿನ್ ನೀರಿನಲ್ಲಿ ಗುಳ್ಳೆ ಊದಿ ಮಾಡಿದ್ದು. ಸ್ಪೀಕರ್ ಇಲ್ಲದಿದ್ದರೆ ಇಲ್ಲಿ ನಿಮಗೆ ಕಾಣುವುದು ಸುಮ್ನೆ ಮಿಸುಕಾಡುತ್ತಾ ಕೂತ ಇಬ್ಬರು.

ಕೊನೆಗೆ ಹೋಟೆಲಿನಲ್ಲಿ ಅವನು ಹಾಡಬೇಕು. ಅದಕ್ಕೆ ಮುಂಚೆ ಅಲ್ಲಿನ ಮಾಣಿಗಳು ಹಾಡುವುದೂ ಕೇಳುತ್ತದೆ, ಆದರೆ ಅದು ಹಾಡು, ಮಾತಲ್ಲ. ಇವನಿಗೆ ಸಾಹಿತ್ಯ ನೆನಪಿರುವುದಿಲ್ಲ ಅಂತ ಅಂಗಿಯ ಕಫ್ ಮೇಲೆ ಬರೆದುಕೊಟ್ಟಿರುತ್ತಾರೆ. ಕೈ ಬೀಸಿದ ರಭಸಕ್ಕೆ ಕಫ್‌ಗಳೇ ಹಾರಿಹೋಗುತ್ತವೆ. ಆಗ ಫ್ರೆಂಚೋ ಇಟಾಲಿಯನ್ನೋ ಅನ್ನಿಸುವ, ಯಾವ ಭಾಷೆಯೂ ಅಲ್ಲದ ಶಬ್ದಗಳನ್ನು ಹಾಡಿ ಹೋಟೆಲನ್ನೇ ಗೆದ್ದುಬಿಡುತ್ತಾನೆ. ಚಾಪ್ಲಿನ್ ಹಲವು ಚಿತ್ರಗಳಲ್ಲಿ ಮಾಡಿದ ಆ ಅಲೆಮಾರಿ ಪಾತ್ರದ ದನಿ ಪ್ರೇಕ್ಷಕರ ಕಿವಿಗೆ ಬಿದ್ದಿದ್ದು ಅಲ್ಲೇ ಮೊದಲು. ಆ ಪಾತ್ರದ ಕೊನೆಯ ಚಿತ್ರವೂ ಇದೇ. ಇನ್ನೂ ಮೂಕಿ ಅಂತೀರಾ?

ಸರಿ, ಕೊರತೆಗಳು. ಫ್ಯಾಕ್ಟರಿ ಭಾಗ ಮುಗಿದ ಮೇಲೆ ಚಿತ್ರದ ಬಿಗಿ ಸಡಿಲವಾಗುತ್ತದೆ. ಜೈಲು, ಅಂಗಡಿ, ಮತ್ತೆ ಫ್ಯಾಕ್ಟರಿ, ಹೋಟೆಲು, ಹೀಗೆ ಬಿಡಿ ಪ್ರಸಂಗಗಳನ್ನು ಪೋಣಿಸಿದ ಹಾಗಿದೆ. ನಾಯಕಿ ಪಾಲೆಟ್ ಗೊಡಾರ್ಡ್ ಚಾಕು ಕಚ್ಚಿಕೊಂಡು ಬಾಳೆಹಣ್ಣು ಕದಿಯುತ್ತಾ ಎಂಥ ಗತ್ತಿನಲ್ಲಿ ಬರುತ್ತಾಳೆ! ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಕೆಲಸ ನಾಯಕನನ್ನು ನೋಡಿ ನಗುವುದಷ್ಟೇ. ಇನ್ನೊಂದು, ಚಿತ್ರ ಗಟ್ಟಿಯಾಗಿ ಏನೋ ಹೇಳಹೊರಟು ಜಾರಿಕೊಳ್ಳುತ್ತದೆ. ಲಾರಿಯಿಂದ ಬಿದ್ದ ಕೆಂಪು ಬಾವುಟ ಎತ್ತಿದ್ದಕ್ಕೆ ಅವನು ಕಾರ್ಮಿಕರ ಮೆರವಣಿಗೆಯ ಮುಖಂಡನಾಗುತ್ತಾನೆ, ಹಲಗೆ ತುಳಿದು ಇಟ್ಟಿಗೆ ಹಾರಿ ಪೊಲೀಸಿಗೆ ಬೀಳುತ್ತದೆ. ಎಲ್ಲವೂ ಆಕಸ್ಮಿಕ. ನಗು ಬರುತ್ತದೆ, ಆದರೆ ಮುಷ್ಕರ ಮಾಡುವವರ ಪರ ಇದ್ದಾನೋ ಇಲ್ಲವೋ ಅಂತ ಗೊತ್ತಾಗದ ಹಾಗೆ ನುಣುಚಿಕೊಂಡಿದ್ದಾನೆ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಅಂಗಡಿಯಲ್ಲಿ ಕಣ್ಣು ಕಟ್ಟಿಕೊಂಡು ಅಂಚಿನಲ್ಲಿ ಸ್ಕೇಟಿಂಗ್ ಮಾಡುವುದಕ್ಕೆ ಮಕ್ಕಳು ಹೆದರಿದರೆ ಹೇಳಿ, ಆ ಪ್ರಪಾತ ಕ್ಯಾಮೆರಾ ಮುಂದೆ ಇಟ್ಟ ಗಾಜಿನ ಮೇಲೆ ಬರೆದ ಚಿತ್ರ.

ನೀವು ಕೇಳಿಲ್ಲ, ಆದರೆ ಶಾಲೆಗಳಲ್ಲಿ ಇದನ್ನು ಪರಿಚಯಿಸುವವರು ‘ಗಾಂಧೀಜಿ ಹೇಳಿದ್ದಕ್ಕೆ ಚಾಪ್ಲಿನ್ ಈ ಚಿತ್ರ ಮಾಡಿದ’ ಅಂತ ಒಂದು ಮಾತು ಸೇರಿಸುತ್ತಾರೆ. 1934ರಲ್ಲಿ ಗಾಂಧೀಜಿ ನಮ್ಮ ಕೊಡಗಿಗೂ ಬಂದಿದ್ದರು, ಕಥೆಗಾರ್ತಿ ಕೊಡಗಿನ ಗೌರಮ್ಮ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಹಾಗಾಗಿ ಇಲ್ಲಿ ಆ ಕಥೆಗೆ ಚಪ್ಪಾಳೆ ಜಾಸ್ತಿ. ಅವರಿಬ್ಬರೂ 1931ರಲ್ಲಿ ಲಂಡನ್ನಿನಲ್ಲಿ ಭೇಟಿಯಾಗಿದ್ದು ನಿಜ. ಯಂತ್ರದ ಮೇಲೆ ನಿಮಗೇಕೆ ಮುನಿಸು ಅಂತ ಚಾಪ್ಲಿನ್ ಕೇಳಿದ್ದೂ ನಿಜ. ಆದರೆ ಚಿತ್ರದ ಬೀಜ ಅಮೆರಿಕದ ಕಾರು ಕಾರ್ಖಾನೆಗಳ ಊರು ಡೆಟ್ರಾಯಿಟ್‌ನದು ಅಂತ ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹಳ್ಳಿಯಿಂದ ಬಂದ ಗಟ್ಟಿಮುಟ್ಟಾದ ಹುಡುಗರು ಅಲ್ಲಿನ ಕಾರ್ಖಾನೆಗಳ ಓಡುವ ಬೆಲ್ಟ್ ಮುಂದೆ ನಾಲ್ಕೈದು ವರ್ಷ ದುಡಿದು ನರ ದುರ್ಬಲರಾಗುತ್ತಾರೆ ಅಂತ ಪತ್ರಕರ್ತನೊಬ್ಬ ಹೇಳಿದ್ದನಂತೆ.

ಯಂತ್ರವನ್ನೇ ದೂರುವ ಚಿತ್ರವೂ ಇದಲ್ಲ. ಕುಯ್ಲಿಗೆ ಆಳು ಸಿಗದೆ ಪರದಾಡುವ, ಕಳೆ ಹೊಡೆಯಲು ಮೆಷಿನ್ ಕೊಳ್ಳುವ ನಮ್ಮ ತೋಟದವರು ಇದನ್ನು ನೋಡಿ ಮುಖ ತಿರುಗಿಸಬೇಕಾಗಿಲ್ಲ. ಊಟದ ಯಂತ್ರ ಕೆಟ್ಟು, ಜೋಳದ ತೆನೆ ಗಿರಗಿರ ತಿರುಗಿ, ಚಾಪ್ಲಿನ್ ಬಾಯಿ ಜಜ್ಜಿಹೋದ ಮೇಲೆ ಯಜಮಾನ ಅದನ್ನು ಬೇಡ ಅನ್ನುತ್ತಾನಲ್ಲ, ಆ ಕಾರ್ಡನ್ನು ಮಕ್ಕಳಿಂದ ಜೋರಾಗಿ ಓದಿಸಿ. ಕೆಲಸದವನಿಗೆ ನೋವಾಯಿತು ಅಂತ ಅದರಲ್ಲಿ ಎಲ್ಲೂ ಇಲ್ಲ. ಇದು ಉಪಯೋಗಕ್ಕೆ ಬರುವಂಥದ್ದಲ್ಲ ಅಂತಷ್ಟೇ ಇದೆ.