ಸ್ಪೀಡ್ ನೋಟಿಸ್ ಬಂದರೆ ಮೊದಲು ಏನು ನೋಡಬೇಕು?

"ಬೋರ್ಡ್ ಎಲ್ಲೈತ್ರೀ ವಕೀಲ್ರ? ಪೊಲೀಸ್ರು ಗಿಡದ ಮರೆಗೆ ನಿಂತಿದ್ರು." ಸ್ಪೀಡ್ ಕೇಸ್ ಹಿಡಿದುಕೊಂಡು ಬರುವ ಹುಬ್ಬಳ್ಳಿ-ಧಾರವಾಡದ ಚಾಲಕರ ಮೊದಲ ಮಾತು ಇದು. ಮಿತಿಯೇ ಬೇಡ ಅನ್ನುವವರು ಕಡಿಮೆ. ಹೇಳದೆ ಕೇಳದೆ ಹಿಡಿದರು ಅನ್ನೋದೇ ಅವರ ಸಿಟ್ಟು.

ಈ ಸಿಟ್ಟಿಗೆ ಕಾನೂನಿನ ಬಲ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಎಂಬ ನಿಯಮ ಸೇರಿತು. ಕ್ಯಾಮೆರಾ, ಸ್ಪೀಡ್ ಗನ್ ಇಟ್ಟು ಹಿಡಿಯುವ ಕಡೆ ಮೊದಲೇ ಎಚ್ಚರಿಕೆ ಬೋರ್ಡ್ ಇರಬೇಕು ಅನ್ನುತ್ತದೆ ಅದು. ನೋಟಿಸ್ 15 ದಿನದೊಳಗೆ ಹೊರಡಬೇಕು. ನಂಬರ್ ಪ್ಲೇಟ್ ಕಾಣುವ ಫೋಟೋ, ಯಂತ್ರ ಅಳೆದ ವೇಗ, ಜಾಗ, ದಿನಾಂಕ, ಸಮಯ ಎಲ್ಲ ಇರಬೇಕು. "ಜೋರಾಗಿ ಬಂದ, ನಾನೇ ನೋಡಿದೆ" ಅಂತ ಒಬ್ಬರು ಸುಮ್ನೆ ಅಂದಾಜಿನಲ್ಲಿ ಹೇಳಿದರೆ, ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಅಷ್ಟರಿಂದಲೇ ಶಿಕ್ಷೆ ಆಗುವುದಿಲ್ಲ. ಪೊಲೀಸರಿಗೂ ನನ್ನದೊಂದು ಮಾತು: ಬೋರ್ಡ್ ದೂರದಿಂದಲೇ ಕಂಡರೆ ಗಾಡಿ ನಿಧಾನ ಆಗುತ್ತದೆ. ಬೇಕಾಗಿರೋದು ಅದೇ ಅಲ್ವಾ?

ಆದರೆ ಇನ್ನೊಂದು ವಾದವನ್ನು ನಾನು ಒಪ್ಪುವುದೇ ಇಲ್ಲ. "ನ್ಯಾಷನಲ್ ಹೈವೇ ಐತಿ, ನೂರು ಹೊಡೀಬಹುದು." ಇಲ್ಲ, ಎಲ್ಲ ಹೈವೇಯಲ್ಲೂ ಅಲ್ಲ. 2018ರ ಕೇಂದ್ರದ ಅಧಿಸೂಚನೆ ಕಾರಿಗೆ ಗಂಟೆಗೆ 100 ಕಿ.ಮೀ. ಕೊಟ್ಟಿದ್ದು ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಗೆ. ಎಕ್ಸ್‌ಪ್ರೆಸ್‌ವೇಗೆ 120. ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 70, ಬೈಕಿಗೆ 60. ಇದಕ್ಕಿಂತ ಕಡಿಮೆ ಮಿತಿಯನ್ನು ರಾಜ್ಯ ಸರ್ಕಾರ ಗೊತ್ತು ಮಾಡಿದ್ದರೆ ಅದೇ ಲೆಕ್ಕ. ಹುಬ್ಬಳ್ಳಿ-ಧಾರವಾಡದ ಗಬ್ಬೂರು-ನರೇಂದ್ರ ಬೈಪಾಸ್ ವರ್ಷಗಟ್ಟಲೆ ಎರಡೇ ಲೇನ್ ಇತ್ತು, ನಡುವೆ ಡಿವೈಡರ್ ಇಲ್ಲ. 2021ರ ಜನವರಿಯಲ್ಲಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಇಟಿಗಟ್ಟಿ ಹತ್ತಿರ ಜೀವ ಕಳೆದುಕೊಂಡಿದ್ದು ಈ ರಸ್ತೆಯಲ್ಲೇ. ಇಂಥ ಕಡೆ ಎದುರುಬದುರು ಗಾಡಿಗಳು ನೂರರಲ್ಲಿ ಬಂದರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 56 ಮೀಟರ್ ಕಡಿಮೆ ಆಗುತ್ತಾ ಹೋಗುತ್ತದೆ. ಓವರ್‌ಟೇಕ್‌ಗೆ ಹೊರಬಂದವನಿಗೆ ವಾಪಸ್ ಲೇನಿಗೆ ಸೇರಲು ಎಷ್ಟು ಹೊತ್ತು ಸಿಗುತ್ತದೆ, ನೀವೇ ಹೇಳಿ. "ಎಲ್ಲಾರೂ ಹಂಗ ಹೋಗ್ತಾರ" ಅನ್ನೋದು ಕೋರ್ಟಿನಲ್ಲೂ ನಡೆಯದು, ರಸ್ತೆಯಲ್ಲೂ ನಡೆಯದು.

ನಮ್ಮ ರಾಜ್ಯದಲ್ಲಿ ಕಾರಿಗೆ ದಂಡ 1,000 ರೂಪಾಯಿ. 130 ದಾಟಿದರೆ ಎಫ್‌ಐಆರ್ ಹಾಕುವುದಾಗಿ ರಾಜ್ಯ ಪೊಲೀಸರು 2024ರಲ್ಲೇ ಹೇಳಿದ್ದಾರೆ.

ನೋಟಿಸ್ ತಪ್ಪು ಅನ್ನಿಸಿದರೆ ಅವಸರ ಮಾಡಿ ದಂಡ ಕಟ್ಟಬೇಡಿ. ಕಟ್ಟಿದಿರಿ ಅಂದರೆ ತಪ್ಪು ಒಪ್ಪಿಕೊಂಡಂತೆ. ಅದರಲ್ಲಿ ಬರೆದ ಜಾಗಕ್ಕೆ ಹೋಗಿ, ನೀವು ಬಂದ ದಿಕ್ಕಿನಲ್ಲಿ ಬೋರ್ಡ್ ಇದೆಯಾ ನೋಡಿ, ಇಲ್ಲದಿದ್ದರೆ ದಿನಾಂಕ ಬರುವ ಹಾಗೆ ಫೋಟೋ ತೆಗೆಯಿರಿ. ಬೋರ್ಡ್ ಇದ್ದು, ವೇಗವೂ ಸರಿಯಾಗಿ ದಾಖಲಾಗಿದ್ದರೆ ನನ್ನ ಫೀಸಿಗೆ ದುಡ್ಡು ಸುರಿಯಬೇಡಿ, ದಂಡ ಕಟ್ಟಿ.